ಬೇರೊಂದು ತಂತ್ರಾಂಶ ಬರೆಯುತ್ತಿರುವ ಫೈಲನ್ನು ಅದೇ ಹೊತ್ತಿನಲ್ಲಿ ಓದುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಕೋಣೆಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇದ್ದು, ಕಾಟಾ ಅಳವಡಿಸಿದವರೇ ಕೊಟ್ಟ ತೂಕದ ತಂತ್ರಾಂಶ ಹಂಗಾಮು ಮುಗಿಯುವವರೆಗೂ ಅದರಲ್ಲಿ ಹಗಲಿರುಳು ನಡೆಯುತ್ತಿರುತ್ತದೆ. ಟ್ರ್ಯಾಕ್ಟರ್ ಕಬ್ಬು ತುಂಬಿಕೊಂಡು ಒಮ್ಮೆ, ಇಳಿಸಿದ ಮೇಲೆ ಖಾಲಿಯಾಗಿ ಇನ್ನೊಮ್ಮೆ ಕಾಟಾ ಹತ್ತಿ ಇಳಿದಾಗ, ಆ ತಂತ್ರಾಂಶವು ಅಂದಿನ ದಿನಾಂಕದ ಹೆಸರಿರುವ ಪಠ್ಯ ಫೈಲಿನ ಕೊನೆಗೆ ಒಂದು ಸಾಲನ್ನು ಸೇರಿಸುತ್ತದೆ. ಟೋಕನ್ ಸಂಖ್ಯೆ, ಗಾಡಿಯ ನಂಬರ್, ರೈತರ ಕೋಡ್, ಕನ್ನಡದಲ್ಲಿ ರೈತರ ಹೆಸರು, ಸಮಯ, ಲೋಡ್ ತೂಕ, ಖಾಲಿ ತೂಕ, ಕೊನೆಯಲ್ಲಿ ನಿವ್ವಳ ತೂಕ, ಇವಿಷ್ಟೂ ಒಂದೇ ಸಾಲಿನಲ್ಲಿ ಅಲ್ಪವಿರಾಮಗಳಿಂದ ಬೇರ್ಪಟ್ಟಿರುತ್ತವೆ.

ಈ ಫೈಲನ್ನು ಓದುತ್ತಾ, ಅಂಗಳದಲ್ಲಿ ಕಾಯುವ ರೈತರಿಗೆ ಕಾಣುವಂತೆ ದೊಡ್ಡ ಪರದೆಯ ಮೇಲೆ ನಿವ್ವಳ ತೂಕವನ್ನು ತೋರಿಸುವ, ಮುಂದೆ ಅವರ ಮೊಬೈಲಿಗೂ ಎಸ್‌ಎಂಎಸ್ ಕಳುಹಿಸುವ ಪ್ರೋಗ್ರಾಮೊಂದನ್ನು ಸಿ ಶಾರ್ಪ್‌ನಲ್ಲಿ ಬರೆಯುತ್ತಿದ್ದೇನೆ. ತೂಕದ ತಂತ್ರಾಂಶದ ಮೂಲ ಸಂಕೇತ ನಮ್ಮ ಬಳಿ ಇಲ್ಲ. ಆದ್ದರಿಂದ ಅದನ್ನು ತಿದ್ದದೆಯೇ ಕೆಲಸ ಸಾಧಿಸಬೇಕಾಗಿದೆ. ಪರೀಕ್ಷೆಯ ಹಂತದಲ್ಲಿ ಕಂಡ ತೊಂದರೆಗಳು ಹೀಗಿವೆ.

ಎಲ್ಲ ಸಾಲುಗಳನ್ನೂ ಒಮ್ಮೆಲೇ ಓದಿಕೊಡುವ ಡಾಟ್‌ನೆಟ್‌ನ (ಸಿ ಶಾರ್ಪ್ ಪ್ರೋಗ್ರಾಮುಗಳು ಬಳಸುವ ವೇದಿಕೆಯ) ಸಿದ್ಧ ಸೌಲಭ್ಯವನ್ನು ಬಳಸಿದರೆ, ಇನ್ನೊಂದು ಪ್ರೊಸೆಸ್ ಬಳಸುತ್ತಿರುವುದರಿಂದ ಫೈಲನ್ನು ತೆರೆಯಲಾಗದು ಎಂಬ ದೋಷ ಬರುತ್ತದೆ. ಆದರೆ ಅದೇ ಫೈಲ್ ನೋಟ್‌ಪ್ಯಾಡಿನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತದೆ. ಫೈಲನ್ನು ಬೇರೆ ಹೆಸರಿಗೆ ನಕಲು ಮಾಡಿಕೊಂಡು ನಕಲನ್ನು ಓದಿದಾಗ ದೋಷವೇನೋ ತಪ್ಪಿತು, ಆದರೆ ಅದಕ್ಕಿಂತ ದೊಡ್ಡ ಅನಾಹುತ ಕಂಡಿತು. 14260 ಕಿಲೋ ನಿವ್ವಳ ತೂಕವಿದ್ದ ಗಾಡಿಯೊಂದಕ್ಕೆ ಪರದೆಯ ಮೇಲೆ 142 ಕಿಲೋ ಎಂದು ಬಂದಿತು. ಕೆಲವೊಮ್ಮೆ ರೈತರ ಹೆಸರಿನ ನಡುವೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಯ ಚೌಕಗಳು ಮೂಡುತ್ತವೆ. ಅಲ್ಲದೆ ಗಾಡಿಗಳು ಒಂದೊಂದಾಗಿ ಕಾಣಿಸದೆ, ಬಹಳ ಹೊತ್ತು ಏನೂ ಬಾರದೆ, ಆಮೇಲೆ ಹತ್ತಾರು ಒಟ್ಟಿಗೇ ಬರುತ್ತವೆ.

ಇದಲ್ಲದೆ ಎರಡನೇ ಗೇಟಿನ ಕಾಟಾದ ಕಂಪ್ಯೂಟರಿನಿಂದ ಪ್ರತಿ ಪಾಳಿ ಮುಗಿದಾಗ ಒಂದು ಸಾರಾಂಶದ ಫೈಲ್ ನೆಟ್‌ವರ್ಕ್ ಮೂಲಕ ನಮ್ಮ ಹಂಚಿಕೆಯ ಫೋಲ್ಡರಿಗೆ ನಕಲಾಗಿ ಬರುತ್ತದೆ. ನಮ್ಮ ಪ್ರೋಗ್ರಾಮ್ ಅದನ್ನು ಪೂರ್ತಿ ಬರುವ ಮೊದಲೇ ಎತ್ತಿಕೊಂಡು ಓದಿಬಿಡುತ್ತದೆ. ತೂಕದ ವಿಚಾರದಲ್ಲಿ ರೈತರಿಗೆ ಸ್ವಲ್ಪವೂ ಸಂಶಯ ಬರಬಾರದು ಎಂಬುದು ನನ್ನ ಕಾಳಜಿ. ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ನಮಸ್ಕಾರ ಸರ್. ಫೈಲ್ ತೆರೆಯದಿರುವ ತೊಂದರೆಯನ್ನು ಮೊದಲು ಬಿಡಿಸೋಣ, ಏಕೆಂದರೆ ಅದರ ಕಾರಣ ಸ್ಪಷ್ಟವಾಗಿದೆ.

ವಿಂಡೋಸಿನಲ್ಲಿ ಒಂದು ಪ್ರೋಗ್ರಾಮ್ ಫೈಲನ್ನು ತೆರೆಯುವಾಗ ಎರಡು ಮಾತುಗಳನ್ನು ಹೇಳುತ್ತದೆ. ನಾನು ಈ ಫೈಲಿನಲ್ಲಿ ಏನು ಮಾಡಲಿದ್ದೇನೆ, ಓದುವೆನೋ ಬರೆಯುವೆನೋ ಎಂಬುದು ಮೊದಲನೆಯದು. ನಾನು ತೆರೆದಿಟ್ಟುಕೊಂಡಿರುವಷ್ಟು ಹೊತ್ತು ಉಳಿದವರು ಏನು ಮಾಡಬಹುದು ಎಂಬುದು ಎರಡನೆಯದು. ಹೊಸಬರು ಯಾರಾದರೂ ಅದೇ ಫೈಲನ್ನು ತೆರೆಯಲು ಬಂದಾಗ ಆಪರೇಟಿಂಗ್ ಸಿಸ್ಟಮ್ ಎರಡೂ ದಿಕ್ಕಿನಿಂದ ಪರಿಶೀಲಿಸುತ್ತದೆ: ಹೊಸಬರು ಮಾಡಬಯಸುವ ಕೆಲಸಕ್ಕೆ ಮೊದಲೇ ತೆರೆದವರ ಒಪ್ಪಿಗೆ ಇದೆಯೇ, ಮೊದಲೇ ತೆರೆದವರು ಮಾಡುತ್ತಿರುವ ಕೆಲಸಕ್ಕೆ ಹೊಸಬರ ಒಪ್ಪಿಗೆ ಇದೆಯೇ. ಇವುಗಳಲ್ಲಿ ಯಾವುದೊಂದು ತಪ್ಪಿದರೂ 32ನೆಯ ಸಂಖ್ಯೆಯ ದೋಷ ಬರುತ್ತದೆ. ನಿಮಗೆ ಬರುತ್ತಿರುವುದು ಅದೇ.

ಬಹಳ ಜನ ಗಮನಿಸದಿರುವುದು ಎರಡನೆಯ ದಿಕ್ಕನ್ನು. ನಿಮ್ಮ ತೂಕದ ತಂತ್ರಾಂಶ ಇತರರಿಗೆ ಓದಲು ಅನುಮತಿ ಕೊಟ್ಟೇ ಫೈಲನ್ನು ತೆರೆದಿದೆ. ಇಲ್ಲದಿದ್ದರೆ ನೋಟ್‌ಪ್ಯಾಡಿನಲ್ಲಿಯೂ ಅದು ತೆರೆಯುತ್ತಿರಲಿಲ್ಲ. ಅಡ್ಡಿಯಾಗಿರುವುದು ನೀವು ಬಳಸಿದ ಸಿದ್ಧ ಸೌಲಭ್ಯ. ಅದು ನಿಮ್ಮ ಪರವಾಗಿ, ನಾನು ಓದುತ್ತಿರುವಾಗ ಉಳಿದವರು ಓದಬಹುದು, ಆದರೆ ಯಾರೂ ಬರೆಯಕೂಡದು ಎಂಬ ಷರತ್ತನ್ನು ಹಾಕುತ್ತದೆ. ಬರೆಯುವವರು ಆಗಲೇ ಒಳಗಿರುವುದರಿಂದ ಈ ಷರತ್ತನ್ನು ಸಿಸ್ಟಮ್ ಒಪ್ಪುವುದಿಲ್ಲ. ನೋಟ್‌ಪ್ಯಾಡ್ ಅಂಥ ಷರತ್ತು ಹಾಕುವುದಿಲ್ಲ. ಹೀಗಾಗಿ ನೀವು ಫೈಲಿನ ಬೈಟುಗಳನ್ನು ಓದಿಸುವ ಫೈಲ್‌ಸ್ಟ್ರೀಮ್ ಅನ್ನು ನೇರವಾಗಿ ತೆರೆದು, ಪ್ರವೇಶವನ್ನು ಓದುವುದಕ್ಕೆ ಮಾತ್ರ ಇಟ್ಟು, ಹಂಚಿಕೆಯ ಜಾಗದಲ್ಲಿ ಓದು, ಬರಹ, ಅಳಿಸುವಿಕೆ ಮೂರಕ್ಕೂ ಅನುಮತಿ ನೀಡಿದರೆ ದೋಷ ಹೋಗುತ್ತದೆ. ಅಳಿಸುವಿಕೆಯ ಅನುಮತಿ ಏಕೆಂದರೆ, ನೀವು ತೆರೆದಿಟ್ಟುಕೊಂಡಿರುವಾಗ ಆ ಫೈಲಿನ ಹೆಸರು ಬದಲಾಯಿಸುವುದಕ್ಕೂ ಅದೇ ಅನುಮತಿ ಬೇಕು.

ಇದರ ಜೊತೆಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ತಂತ್ರಾಂಶ ಫೈಲನ್ನು ದಿನವಿಡೀ ತೆರೆದಿಟ್ಟುಕೊಂಡಿರುವುದರಿಂದ ತೊಂದರೆ ನಿಮ್ಮ ಕಡೆ ಕಾಣಿಸಿತು. ಪ್ರತಿ ಸಾಲಿಗೂ ತೆರೆದು, ಬರೆದು, ಮುಚ್ಚುವ ತಂತ್ರಾಂಶಗಳೂ ಇವೆ. ಅಂಥ ಕಡೆ ಓದುವವರು ಬರಹಕ್ಕೆ ಅನುಮತಿ ಕೊಡದೆ ಫೈಲನ್ನು ಹಿಡಿದುಕೊಂಡರೆ, ಅದೇ ಕ್ಷಣದಲ್ಲಿ ಬರೆಯಲು ಬಂದವರಿಗೆ ದೋಷ ಸಿಗುತ್ತದೆ. ಅವರು ಮತ್ತೆ ಪ್ರಯತ್ನಿಸುತ್ತಾರೋ, ಆ ಸಾಲನ್ನು ಕೈಬಿಡುತ್ತಾರೋ ಎಂಬುದು ನಮ್ಮ ಕೈಯಲ್ಲಿಲ್ಲ. ಓದುವ ಪ್ರೋಗ್ರಾಮಿನ ದೆಸೆಯಿಂದ ಒಬ್ಬ ರೈತನ ತೂಕವೂ ದಾಖಲಾಗದೆ ಉಳಿಯಬಾರದು. ಆದ್ದರಿಂದ ಬರೆಯುವವರು ಯಾವ ರೀತಿಯವರೇ ಆಗಿರಲಿ, ಓದುವವರು ಯಾವಾಗಲೂ ಪೂರ್ಣ ಹಂಚಿಕೆಯೊಂದಿಗೇ ತೆರೆಯಬೇಕು. ಅದೇ ಫೈಲನ್ನು ಕಚೇರಿಯಲ್ಲಿ ಯಾರೂ ಎಕ್ಸೆಲ್‌ನಲ್ಲಿ ತೆರೆಯದಂತೆಯೂ ನೋಡಿಕೊಳ್ಳಿ, ಏಕೆಂದರೆ ಎಕ್ಸೆಲ್ ತಾನು ತೆರೆದ ಫೈಲಿಗೆ ಬೇರೆಯವರು ಬರೆಯಲು ಬಿಡುವುದಿಲ್ಲ.

ಲಿನಕ್ಸ್‌ನಲ್ಲಿ ಈ ಪರಿಶೀಲನೆಯೇ ಇಲ್ಲ. ಅಲ್ಲಿನ ಲಾಕ್‌ಗಳು, ಅಂದರೆ ಫೈಲಿಗೆ ಹಾಕುವ ಬೀಗಗಳು, ಸಲಹೆಯ ಸ್ವರೂಪದವು. ಎರಡೂ ಪ್ರೋಗ್ರಾಮುಗಳು ಒಪ್ಪಿಕೊಂಡು ಬಳಸಿದರೆ ಮಾತ್ರ ಅವುಗಳಿಗೆ ಅರ್ಥ. ಕಡ್ಡಾಯ ಲಾಕ್ ಎಂಬ ಹಳೆಯ ಸೌಲಭ್ಯವೊಂದಿತ್ತು, ಅದನ್ನೂ 2021ರ 5.15 ಕರ್ನಲ್‌ನಲ್ಲಿ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ತೆಗೆದುಹಾಕಿದರು. ಅಲ್ಲಿ ಫೈಲ್ ತೆರೆಯುವುದು ಎಂದೂ ಸಮಸ್ಯೆಯಲ್ಲ. ಆದರೆ ಅರ್ಧ ಸಾಲಿನ ಸಮಸ್ಯೆ ಎರಡೂ ಕಡೆ ಒಂದೇ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಹಂಚಿಕೆಯನ್ನು ನೀವು ಹೇಳಿದಂತೆ ಬದಲಿಸಿದ ಮೇಲೆ ಫೈಲ್ ತೆರೆದುಕೊಳ್ಳುತ್ತಿದೆ, ನಕಲು ಮಾಡುವುದನ್ನು ಬಿಟ್ಟಿದ್ದೇನೆ. ಆದರೆ ಅರ್ಧ ತೂಕ ಬರುವುದು ನಿಂತಿಲ್ಲ. ಓದಿದ ಮೇಲೆ ಅರ್ಧ ಸೆಕೆಂಡ್ ಕಾದು ಮತ್ತೆ ಓದಿ, ಎರಡೂ ಸಲ ಒಂದೇ ರೀತಿ ಇದ್ದರೆ ಮಾತ್ರ ತೋರಿಸುವಂತೆ ಮಾಡಿದರೆ ಸಾಕೇ?

ಉತ್ತರ 2

ಕಾಯುವುದರಿಂದ ಪ್ರಯೋಜನವಾಗುವುದಿಲ್ಲ. ಅದು ಏಕೆ ಎಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲಿಯೇ ಸುಳಿವಿದೆ: ಗಾಡಿಗಳು ಹತ್ತಾರು ಒಟ್ಟಿಗೆ ಬರುತ್ತವೆ ಎಂದು ಬರೆದಿದ್ದೀರಿ. ಈ ಲಕ್ಷಣವೂ 142 ಕಿಲೋ ಎಂಬ ತಪ್ಪೂ ಒಂದೇ ಬೇರಿನಿಂದ ಹುಟ್ಟಿದವು.

ಬಹುಪಾಲು ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಗಳು ಪ್ರೋಗ್ರಾಮ್ ಬರೆದ ಪಠ್ಯವನ್ನು ಕೂಡಲೇ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವುದಿಲ್ಲ. ಕಬ್ಬು ಕಡಿಯುವವರು ಒಂದೊಂದು ಜಲ್ಲೆಗೂ ಗಾಡಿಯವರೆಗೆ ನಡೆಯದೆ, ಹೊರೆ ಕಟ್ಟಿ ಹೊತ್ತು ತಂದು ಹಾಕುವ ಹಾಗೆ, ಲೈಬ್ರರಿಯೂ ಬರಹವನ್ನು ಬಫರ್ ಎಂಬ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಕೂಡಿಟ್ಟು, ಅದು ತುಂಬಿದಾಗ ಒಟ್ಟಿಗೆ ಒಪ್ಪಿಸುತ್ತದೆ. ಬಫರ್‌ನ ಅಳತೆ ಸಾಮಾನ್ಯವಾಗಿ 4096 ಅಥವಾ 8192 ಬೈಟ್. ನಿಮ್ಮ ಒಂದು ಸಾಲು ಸುಮಾರು 120 ಬೈಟ್ ಇದೆ ಎಂದಿಟ್ಟುಕೊಂಡರೆ, 4096 ಬೈಟಿನ ಬಫರ್‌ನಲ್ಲಿ 34 ಪೂರ್ಣ ಸಾಲುಗಳೂ ಮುಂದಿನ ಸಾಲಿನ ಮೊದಲ 16 ಬೈಟುಗಳೂ ಹಿಡಿಯುತ್ತವೆ. ಬಫರ್ ತುಂಬಿದ್ದೇ ತಡ, ಅಷ್ಟೂ ಫೈಲಿಗೆ ಹೋಗುತ್ತದೆ. ಬಫರ್‌ಗೆ ಸಾಲು ಎಂದರೇನೆಂದು ಗೊತ್ತಿಲ್ಲ, ಅದು ಬೈಟುಗಳನ್ನಷ್ಟೇ ಎಣಿಸುತ್ತದೆ. ಆದ್ದರಿಂದ ತುಂಡಾಗುವ ಜಾಗ ಟೋಕನ್ ಸಂಖ್ಯೆಯ ನಡುವೆ ಬರಬಹುದು, ಹೆಸರಿನ ನಡುವೆ ಬರಬಹುದು, ನಿವ್ವಳ ತೂಕದ ನಡುವೆಯೂ ಬರಬಹುದು. ಮುಂದಿನ ಮೂವತ್ತು ಚಿಲ್ಲರೆ ಗಾಡಿಗಳು ಕಾಟಾ ಹತ್ತಿ ಇಳಿಯುವವರೆಗೂ ಆ ಅರ್ಧ ಸಾಲು ಫೈಲಿನ ಕೊನೆಯಲ್ಲಿ ಹಾಗೆಯೇ ಕುಳಿತಿರುತ್ತದೆ. ನೀವು ಅರ್ಧ ಸೆಕೆಂಡ್ ಬಿಟ್ಟು ನೋಡಿದರೂ, ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ ಅರ್ಧ ಸಾಲು ಕಾಣುತ್ತದೆ. ಎರಡು ಸಲ ಒಂದೇ ಉತ್ತರ ಬಂದಿತೆಂದು ನಿಮ್ಮ ಪ್ರೋಗ್ರಾಮ್ ಅದನ್ನು ನಂಬಿಬಿಡುತ್ತದೆ. ಇಂಥ ಫೈಲಿನಲ್ಲಿ ಕೊನೆಯ ಸಾಲು ಅರ್ಧವಾಗಿರುವುದು ಅಪರೂಪದ ಆಕಸ್ಮಿಕವಲ್ಲ. ಹೆಚ್ಚಿನ ಹೊತ್ತು ಅದರ ಸ್ಥಿತಿಯೇ ಅದು.

ಇಲ್ಲಿ ನಿಜವಾಗಿ ಭಯಪಡಬೇಕಾದದ್ದು ದೋಷಕ್ಕಲ್ಲ, ದೋಷ ಬಾರದಿರುವುದಕ್ಕೆ. ಅರ್ಧವಾದ ಹೆಸರು ಕಣ್ಣಿಗೆ ಬೀಳುತ್ತದೆ. ಅರ್ಧವಾದ ಸಂಖ್ಯೆ ಬೀಳುವುದಿಲ್ಲ, ಏಕೆಂದರೆ ಸಂಖ್ಯೆಯ ತುಂಡೂ ಒಂದು ಸಂಖ್ಯೆಯೇ. 14260ರ ಮೊದಲ ಮೂರು ಅಂಕಿಗಳು 142 ಆಗಿ, ಯಾವ ತಕರಾರೂ ಇಲ್ಲದೆ ಸಂಖ್ಯೆಯಾಗಿ ಪರಿವರ್ತನೆಗೊಳ್ಳುತ್ತವೆ. 142 ಅಸಂಭವವೆಂದು ಗೊತ್ತಾಗುತ್ತದೆ, ಸರಿ. ಆದರೆ ಎತ್ತಿನ ಗಾಡಿಗಳೂ ಬರುವ ಕಾಟಾದಲ್ಲಿ 1426 ಎಂದು ಬಂದರೆ ಯಾರಿಗೆ ಅನುಮಾನ ಬಂದೀತು? ನಿವ್ವಳ ತೂಕ ಸಾಲಿನ ಕೊನೆಯಲ್ಲಿರುವುದರಿಂದ ಅಲ್ಪವಿರಾಮಗಳ ಸಂಖ್ಯೆಯನ್ನು ಎಣಿಸಿದರೂ ಅದು ಸರಿಯಾಗಿಯೇ ಇರುತ್ತದೆ.

ಆದ್ದರಿಂದ ನಿಯಮ ಒಂದೇ. ಸಾಲಿನ ಅಂತ್ಯದ ಚಿಹ್ನೆ, ಅಂದರೆ 10 ಎಂಬ ಬೆಲೆಯ ಬೈಟ್, ಕಣ್ಣಿಗೆ ಕಾಣುವವರೆಗೆ ಅದನ್ನು ಸಾಲೆಂದು ಪರಿಗಣಿಸಬಾರದು. ನಿಮ್ಮ ಪ್ರೋಗ್ರಾಮ್ ತಾನು ಎಲ್ಲಿಯವರೆಗೆ ಓದಿ ಮುಗಿಸಿದೆ ಎಂಬುದನ್ನು ಬೈಟುಗಳ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳಲಿ. ಪ್ರತಿ ಸಲವೂ ಆ ಜಾಗದಿಂದ ಫೈಲಿನ ಕೊನೆಯವರೆಗೆ ಬೈಟುಗಳನ್ನು ಓದಿ, ಹಿಂದಿನಿಂದ ಹುಡುಕುತ್ತಾ ಬಂದು ಕೊನೆಯ ಸಾಲಂತ್ಯವನ್ನು ಗುರುತಿಸಲಿ. ಅಲ್ಲಿಯವರೆಗಿನದನ್ನು ಮಾತ್ರ ಸಾಲುಗಳಾಗಿ ಒಡೆದು ಬಳಸಿ, ನೆನಪಿನ ಗುರುತನ್ನು ಆ ಸಾಲಂತ್ಯದ ಆಚೆಗೆ ಸರಿಸಲಿ. ಉಳಿದ ತುಂಡನ್ನು ಮುಟ್ಟದೆ ಬಿಡಲಿ. ಮುಂದಿನ ಸಲ ಅದು ಪೂರ್ಣವಾಗಿ ಸಿಗುತ್ತದೆ. ಡಾಟ್‌ನೆಟ್‌ನ ಸ್ಟ್ರೀಮ್‌ರೀಡರ್‌ನಲ್ಲಿ ಸಾಲು ಸಾಲಾಗಿ ಓದುವ ಸೌಲಭ್ಯವಿದೆ, ನಿಜ, ಆದರೆ ಇಲ್ಲಿ ಅದನ್ನು ಬಳಸಬೇಡಿ. ಫೈಲಿನ ಕೊನೆ ತಲುಪಿದಾಗ ಅದು ಅಂತ್ಯದ ಚಿಹ್ನೆಯಿಲ್ಲದ ತುಂಡನ್ನೂ ಒಂದು ಸಾಲೆಂದು ಕೊಟ್ಟುಬಿಡುತ್ತದೆ, ಚಿಹ್ನೆ ಇತ್ತೋ ಇಲ್ಲವೋ ಎಂದು ತಿಳಿಸುವುದೂ ಇಲ್ಲ. ಪೈಥಾನ್ ಸಾಲಂತ್ಯವನ್ನು ಸಾಲಿನ ಜೊತೆಗೇ ಉಳಿಸಿಕೊಡುವುದರಿಂದ ಅಲ್ಲಿ ಪರೀಕ್ಷಿಸಲು ಸಾಧ್ಯವಿದೆ.

ಹೆಸರುಗಳಲ್ಲಿ ಮೂಡುವ ಚೌಕಗಳೂ ಇದರಿಂದಲೇ ಮಾಯವಾಗುತ್ತವೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. 'ಕ' ಎಂಬುದು 224, 178, 149 ಎಂಬ ಮೂರು ಬೈಟುಗಳು. 'ಕೃಷ್ಣಪ್ಪ' ಎಂಬ ಹೆಸರಿನಲ್ಲಿ ಕ, ವಟ್ರಸುಳಿ, ಷ, ವಿರಾಮ, ಣ, ಪ, ವಿರಾಮ, ಪ ಎಂದು ಎಂಟು ಸಂಕೇತಗಳಿದ್ದು, ಒಟ್ಟು 24 ಬೈಟುಗಳಾಗುತ್ತವೆ. ತುಂಡು ಆ ಮೂರರ ಗುಂಪಿನ ನಡುವೆ ಬಿದ್ದರೆ ಎರಡೂ ಬದಿಯಲ್ಲಿ ಅಕ್ಷರ ಕೆಡುತ್ತದೆ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಫೈಲಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ತೊಂದರೆ ಎಂದೂ ಕಾಣದೆ, ಕನ್ನಡ ಬಂದ ಕೂಡಲೇ ಕಾಣುತ್ತದೆ. ಪರಿಹಾರ ಸುಲಭ: ಮೊದಲು ಬೈಟುಗಳಲ್ಲಿಯೇ ಸಾಲಂತ್ಯವನ್ನು ಹುಡುಕಿ, ಪೂರ್ಣ ಸಾಲು ಸಿಕ್ಕಿದ ಮೇಲೆ ಮಾತ್ರ ಅದನ್ನು ಅಕ್ಷರಗಳಾಗಿ ಬಿಡಿಸಿ. ಯುಟಿಎಫ್-8ರಲ್ಲಿ ಒಂದಕ್ಕಿಂತ ಹೆಚ್ಚು ಬೈಟಿನ ಅಕ್ಷರಗಳ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯದಾಗಿರುವುದರಿಂದ, ಕನ್ನಡ ಅಕ್ಷರದ ಒಳಗೆ 10 ಎಂಬ ಬೈಟ್ ಅಡಗಿರಬಹುದೆಂಬ ಅಂಜಿಕೆ ಬೇಡ. ಫೈಲ್ ಯುಟಿಎಫ್-16 ಎಂಬ ಇನ್ನೊಂದು ಕ್ರಮದಲ್ಲಿದ್ದರೆ ಮಾತ್ರ ಎರಡೆರಡು ಬೈಟುಗಳ ಜೋಡಿಯಾಗಿ ನೋಡಬೇಕು.

ಇನ್ನೊಂದು ಕಾವಲನ್ನೂ ಇಡಿ. ನಿಮ್ಮ ಸಾಲಿನಲ್ಲಿಯೇ ತಾಳೆ ನೋಡುವ ಲೆಕ್ಕವಿದೆ: ಲೋಡ್ ತೂಕದಲ್ಲಿ ಖಾಲಿ ತೂಕವನ್ನು ಕಳೆದರೆ ನಿವ್ವಳ ಬರಬೇಕು. 19840ರಲ್ಲಿ 5580 ಕಳೆದರೆ 14260. ಇದು ಹೊಂದದ ಸಾಲನ್ನು ಪರದೆಗೆ ಕಳುಹಿಸದೆ ಬೇರೆ ಕಡೆ ಬರೆದಿಟ್ಟು, ಕಾಟಾದ ಸಿಬ್ಬಂದಿಗೆ ತೋರಿಸಿ. ಸಾಲಂತ್ಯದ ನಿಯಮಕ್ಕೆ ಇದು ಬದಲಿಯಲ್ಲ, ಆದರೆ ಕರೆಂಟ್ ಹೋದ ದಿನ ನೆರವಾಗುತ್ತದೆ. ಬರೆಯುತ್ತಿರುವಾಗ ವಿದ್ಯುತ್ ಕಡಿದರೆ, ಮತ್ತೆ ಚಾಲೂ ಮಾಡಿದಾಗ ಫೈಲಿನ ಕೊನೆಯ ಭಾಗದಲ್ಲಿ ಸೊನ್ನೆ ಬೆಲೆಯ ಬೈಟುಗಳ ಉದ್ದನೆಯ ಸರಣಿ ಕಾಣಿಸಿಕೊಳ್ಳುವುದುಂಟು. ಫೈಲಿನ ಅಳತೆ ದಾಖಲಾಗಿ, ಒಳಗಿನ ಮಾಹಿತಿ ಡಿಸ್ಕಿಗೆ ಇಳಿಯದೆ ಉಳಿದಾಗ ಹೀಗಾಗುತ್ತದೆ. ಅಂಥ ಬೈಟುಗಳಿರುವ ಸಾಲನ್ನು ನಂಬಬೇಡಿ.

ಎಲ್ಲಿಯವರೆಗೆ ಓದಿದೆ ಎಂಬ ಗುರುತನ್ನು ದಿನಾಂಕದೊಂದಿಗೆ ಒಂದು ಕಡೆ ಉಳಿಸಿಡಿ, ಇಲ್ಲದಿದ್ದರೆ ಪ್ರೋಗ್ರಾಮ್ ಮರುಪ್ರಾರಂಭವಾದಾಗ ಎಸ್‌ಎಂಎಸ್‌ಗಳೆಲ್ಲ ಎರಡನೇ ಸಲ ಹೋಗುತ್ತವೆ. ಟೋಕನ್ ಸಂಖ್ಯೆಯನ್ನು ಕೀಲಿಯಾಗಿಟ್ಟುಕೊಂಡು, ಒಮ್ಮೆ ಕಳುಹಿಸಿದ್ದನ್ನು ಮತ್ತೆ ಕಳುಹಿಸದಂತೆ ತಡೆಯುವುದು ಇನ್ನೂ ಭದ್ರ.

ಉತ್ತರ 3

ಎರಡನೇ ಗೇಟಿನ ಫೈಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದು ಬೇರೆ ಬಗೆಯ ಸಮಸ್ಯೆ. ತೂಕದ ಫೈಲ್ ದಿನವಿಡೀ ಬೆಳೆಯುತ್ತಲೇ ಇರುತ್ತದೆ, ಅಲ್ಲಿ ಒಂದೊಂದು ಸಾಲು ಪೂರ್ಣವಾದರೆ ಸಾಕು. ಪಾಳಿಯ ಫೈಲ್ ಹಾಗಲ್ಲ, ಅದು ಇಡಿಯಾಗಿ ಬಂದರಷ್ಟೇ ಬೆಲೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಫೈಲಿನ ಅಳತೆ ಬೆಳೆಯುವುದು ನಿಂತಿತೇ ಎಂದು ನೋಡುವುದು. ವಿಂಡೋಸಿನಲ್ಲಿ ಇದು ಮೋಸ ಮಾಡುತ್ತದೆ. ಅಲ್ಲಿನ ನಕಲು ಕ್ರಿಯೆ ಗುರಿಯ ಫೈಲಿಗೆ ಪೂರ್ಣ ಅಳತೆಯನ್ನು ಮೊದಲೇ ಗೊತ್ತುಮಾಡಿ, ಆಮೇಲೆ ಒಳಗಿನ ಮಾಹಿತಿಯನ್ನು ತುಂಬುತ್ತಾ ಹೋಗುವುದರಿಂದ, ಮೊದಲ ಕ್ಷಣದಿಂದಲೇ ಅಳತೆ ಪೂರ್ಣವಾಗಿ ಕಾಣಬಹುದು. ಹೊಸ ಫೈಲ್ ಬಂದಾಗ ಎಚ್ಚರಿಸುವ ವಾಚರ್‌ನಿಂದಲೂ ಪ್ರಯೋಜನವಿಲ್ಲ. ಫೈಲ್ ಹುಟ್ಟಿದ ಕೂಡಲೇ ಅದು ಸುದ್ದಿ ಕೊಡುತ್ತದೆ, ಮುಗಿದಾಗ ಅಲ್ಲ. ಯಾರಿಗೂ ಹಂಚಿಕೆ ಇಲ್ಲದೆ ತೆರೆದು ನೋಡಿ, ತೆರೆದರೆ ಬರೆಯುವವರು ಮುಗಿಸಿದ್ದಾರೆ ಎಂದು ತಿಳಿಯುವ ಪದ್ಧತಿಯೂ ಇದೆ. ಆದರೆ ನಡುದಾರಿಯಲ್ಲಿ ನೆಟ್‌ವರ್ಕ್ ಕಡಿದು ನಕಲು ನಿಂತುಹೋದಾಗಲೂ ಫೈಲ್ ಮುಚ್ಚಿಕೊಳ್ಳುತ್ತದೆ. ಯಾರೂ ತೆರೆದಿಟ್ಟುಕೊಂಡಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಬಂದಿದೆ ಎಂದಾಗುವುದಿಲ್ಲ.

ಕಳುಹಿಸುವವರೇ ಮುಗಿಯಿತೆಂದು ಹೇಳಬೇಕು, ಬೇರೆ ದಾರಿಯಿಲ್ಲ. ಅದಕ್ಕೆ ಎಲ್ಲರೂ ಅನುಸರಿಸುವ ವಿಧಾನವೆಂದರೆ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಾಯಿಸುವುದು. ಕ್ರೋಮ್ ಬ್ರೌಸರಿನಲ್ಲಿ ಏನಾದರೂ ಇಳಿಸಿಕೊಳ್ಳುವಾಗ ಫೈಲಿನ ಹೆಸರಿನ ಕೊನೆಗೆ 'ಸಿಆರ್‌ಡೌನ್‌ಲೋಡ್' ಎಂಬ ಬಾಲ ಇರುವುದನ್ನೂ, ಫೈರ್‌ಫಾಕ್ಸ್‌ನಲ್ಲಿ 'ಪಾರ್ಟ್' ಎಂಬ ಬಾಲ ಇರುವುದನ್ನೂ, ಮುಗಿದ ಕೂಡಲೇ ಅದು ಮಾಯವಾಗುವುದನ್ನೂ ನೀವು ನೋಡಿರುತ್ತೀರಿ. ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಕೂಡ ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸುತ್ತದೆ. ಒಂದೇ ಡಿಸ್ಕ್ ವಿಭಾಗದೊಳಗೆ ಹೆಸರು ಬದಲಾಯಿಸುವಾಗ ಮಾಹಿತಿ ಕದಲುವುದಿಲ್ಲ, ಫೋಲ್ಡರಿನ ನಮೂದಷ್ಟೇ ಬದಲಾಗುತ್ತದೆ. ಹಾಗಾಗಿ ಓದುವವರಿಗೆ ಆ ಹೆಸರಿನ ಫೈಲ್ ಇಲ್ಲವೇ ಇಲ್ಲ ಅಥವಾ ಪೂರ್ತಿ ಇದೆ ಎಂಬ ಎರಡೇ ಸ್ಥಿತಿಗಳು.

ಎರಡನೇ ಗೇಟಿನಿಂದ ನಕಲು ಮಾಡುತ್ತಿರುವುದು ಬಹುಶಃ ನಿಮ್ಮದೇ ಬ್ಯಾಚ್ ಫೈಲ್ (ವಿಂಡೋಸ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಇರಬೇಕು. ಹಾಗಿದ್ದರೆ ಅದರಲ್ಲಿ ನಕಲಿನ ಗುರಿಯ ಹೆಸರಿಗೆ 'ಟಿಎಂಪಿ' ಎಂಬ ಬಾಲ ಸೇರಿಸಿ, ನಕಲು ಯಶಸ್ವಿಯಾದರೆ ಮಾತ್ರ ಹೆಸರು ಬದಲಿಸುವ ಇನ್ನೊಂದು ಸಾಲನ್ನು ಬರೆದರೆ ಮುಗಿಯಿತು. ತಾತ್ಕಾಲಿಕ ಫೈಲ್ ಅದೇ ಫೋಲ್ಡರಿನಲ್ಲಿಯೇ ಇರಲಿ. ಅದನ್ನು ಬೇರೆ ಡ್ರೈವ್‌ನಲ್ಲಿಟ್ಟು ಇಲ್ಲಿಗೆ ಸರಿಸಿದರೆ ಅದು ಮತ್ತೆ ನಕಲೇ ಆಗಿ, ನಾವು ಬಿಟ್ಟು ಬಂದ ತೊಂದರೆಗೆ ಮರಳುತ್ತೇವೆ. ಪ್ರತಿ ಪಾಳಿಗೂ ದಿನಾಂಕ ಮತ್ತು ಪಾಳಿ ಸಂಖ್ಯೆಯಿರುವ ಹೊಸ ಹೆಸರು ಕೊಡಿ, ಏಕೆಂದರೆ ಯಾರಾದರೂ ತೆರೆದಿಟ್ಟುಕೊಂಡಿರುವ ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಕೂರಿಸಲು ಹೋದರೆ ವಿಂಡೋಸ್ ನಿರಾಕರಿಸಬಹುದು. ಇದಕ್ಕೆ ಮೇಲಾಗಿ, ಸಾರಾಂಶದ ಕೊನೆಯ ಸಾಲಿನಲ್ಲಿ ಒಟ್ಟು ಗಾಡಿಗಳ ಸಂಖ್ಯೆ ಮತ್ತು ಒಟ್ಟು ನಿವ್ವಳ ತೂಕವನ್ನು ಬರೆಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಲೆಕ್ಕ ಹೊಂದದ ಫೈಲನ್ನು ಸ್ವೀಕರಿಸುವ ಪ್ರಮೇಯವೇ ಬರುವುದಿಲ್ಲ.

ಉತ್ತರ 4

ಮೇಲಿನ ಮೂವರೂ ಸರಿಯಾಗಿ ಹೇಳಿದ್ದಾರೆ. ಲಿನಕ್ಸ್ ಸರ್ವರ್‌ಗಳಲ್ಲಿ ಲಾಗ್ ಫೈಲ್ (ಘಟನೆಗಳ ದಾಖಲೆ) ಓದುವವರೂ ಇದನ್ನು ನೋಡಬಹುದೆಂದು ಕೆಲವು ಮಾತು ಸೇರಿಸುತ್ತೇನೆ.

ಅಲ್ಲಿ ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಆಜ್ಞೆಗೆ ಚಿಕ್ಕ ಎಫ್ ಕೊಟ್ಟರೆ ಅದು ತೆರೆದ ಫೈಲನ್ನೇ ಹಿಂಬಾಲಿಸುತ್ತದೆ, ದೊಡ್ಡ ಎಫ್ ಕೊಟ್ಟರೆ ಹೆಸರನ್ನು ಹಿಂಬಾಲಿಸುತ್ತದೆ. ಲಾಗ್ ಫೈಲುಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್ ಎಂಬ ಸಾಧನ ರಾತ್ರಿ ಹಳೆಯ ಫೈಲಿನ ಹೆಸರು ಬದಲಿಸಿ ಹೊಸದನ್ನು ತೆರೆಸಿದಾಗ, ಮೊದಲನೆಯದು ಹಳೆಯ ಫೈಲಿನ ಬಾಗಿಲಲ್ಲೇ ಕಾಯುತ್ತಾ ಕೂರುತ್ತದೆ. ಹೆಸರು ಬದಲಿಸದೆ, ನಕಲು ತೆಗೆದು ಮೂಲವನ್ನು ಖಾಲಿ ಮಾಡುವ ಆಯ್ಕೆಯೂ ಲಾಗ್‌ರೊಟೇಟ್‌ನಲ್ಲಿದೆ. ಆದರೆ ನಕಲಿಗೂ ಖಾಲಿ ಮಾಡುವುದಕ್ಕೂ ನಡುವಿನ ಕ್ಷಣದಲ್ಲಿ ಬರೆದ ಸಾಲುಗಳು ಕಳೆದುಹೋಗುತ್ತವೆ. ಸ್ವಂತ ಪ್ರೋಗ್ರಾಮ್ ಬರೆಯುವವರು ಫೈಲಿನ ಐನೋಡ್ (ಫೈಲನ್ನು ಗುರುತಿಸುವ ಆಂತರಿಕ ಸಂಖ್ಯೆ) ಬದಲಾಯಿತೇ, ಅಳತೆಯು ತಾವು ಓದಿದ ಗುರುತಿಗಿಂತ ಕಡಿಮೆಯಾಯಿತೇ ಎಂದು ಪ್ರತಿ ಸಲ ನೋಡಬೇಕು. ಫೈಲನ್ನು ಎಂಮ್ಯಾಪ್ ಮಾಡಿಕೊಂಡು, ಅಂದರೆ ನೇರವಾಗಿ ಮೆಮೊರಿಗೆ ಹೊಂದಿಸಿಕೊಂಡು ಓದುವವರು ಇನ್ನೂ ಎಚ್ಚರದಿಂದಿರಬೇಕು, ಏಕೆಂದರೆ ಬರೆಯುವವರು ಫೈಲನ್ನು ಕತ್ತರಿಸಿದರೆ, ಇಲ್ಲದ ಭಾಗವನ್ನು ಮುಟ್ಟಿದ ಕೂಡಲೇ ಸಿಗ್‌ಬಸ್ ಸಂಕೇತ ಬಂದು ಪ್ರೋಗ್ರಾಮ್ ಸಾಯುತ್ತದೆ. ಇನೋಟಿಫೈ ಎಂಬ ಸೌಲಭ್ಯ 2005ರ 2.6.13 ಕರ್ನಲ್‌ನಿಂದಲೂ ಇದ್ದು, ಬರೆಯಲು ತೆರೆದಿದ್ದ ಫೈಲ್ ಮುಚ್ಚಿದಾಗ ಸುದ್ದಿ ಕೊಡುತ್ತದೆ. ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್ ಮೂಲಕ ಬೇರೆ ಯಂತ್ರದವರು ಬರೆದದ್ದು ಮಾತ್ರ ಅದಕ್ಕೆ ಕಾಣುವುದಿಲ್ಲ.

ಮುಂದೆ ತೂಕದ ತಂತ್ರಾಂಶವನ್ನೇ ಬದಲಿಸುವ ಅವಕಾಶ ಬಂದರೆ ಪಠ್ಯ ಫೈಲಿನ ಬದಲು ಎಸ್‌ಕ್ಯುಎಲೈಟ್ ಎಂಬ ಪುಟ್ಟ ಡೇಟಾಬೇಸ್ ಕೇಳಿ. 2010ರ 3.7.0 ಆವೃತ್ತಿಯಿಂದ ಅದರಲ್ಲಿ ವಾಲ್ ಎಂಬ ವಿಧಾನವಿದ್ದು, ಒಬ್ಬರು ಬರೆಯುತ್ತಿರುವಾಗಲೇ ಉಳಿದವರು ಪೂರ್ಣಗೊಂಡ ವ್ಯವಹಾರಗಳನ್ನು ಮಾತ್ರ ನೋಡುತ್ತಾರೆ. ಅರ್ಧ ಸಾಲೆಂಬ ಸಂಗತಿಯೇ ಅಲ್ಲಿಲ್ಲ. ಓದುವ ಪ್ರೋಗ್ರಾಮ್ ಅದೇ ಕಂಪ್ಯೂಟರಿನಲ್ಲಿರಬೇಕು ಎಂಬುದು ನೆನಪಿರಲಿ, ನೆಟ್‌ವರ್ಕ್ ಫೋಲ್ಡರಿನ ಮೇಲೆ ವಾಲ್ ಕೆಲಸ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾಲಂತ್ಯದವರೆಗೆ ಮಾತ್ರ ಓದುವಂತೆ ಬದಲಿಸಿದ್ದೇನೆ, ಅರ್ಧ ತೂಕವೂ ಚೌಕಗಳೂ ಎಲ್ಲಿಯೂ ಕಾಣುತ್ತಿಲ್ಲ. ಎರಡನೇ ಗೇಟಿನ ಬ್ಯಾಚ್ ಫೈಲ್ ನಮ್ಮದೇ ಆಗಿದ್ದರಿಂದ ಅಲ್ಲಿಯೂ ಹೆಸರು ಬದಲಿಸುವ ಕ್ರಮ ಜಾರಿಯಾಗಿದೆ. ಆದರೆ ಪರದೆಯ ಮೇಲೆ ಗಾಡಿಗಳು ಗುಂಪಾಗಿ ತಡವಾಗಿ ಬರುವುದು ಹಾಗೆಯೇ ಇದೆ. ಫೈಲ್ ಬದಲಾದ ಕೂಡಲೇ ಎಚ್ಚರಿಸುವ ಫೈಲ್‌ಸಿಸ್ಟಮ್‌ವಾಚರ್ ಬಳಸಿದರೆ ಬೇಗ ಬರಬಹುದೇ? ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಫೈಲಿನ ಅಳತೆ ಗಂಟೆಗಟ್ಟಲೆ ಬದಲಾಗದೆ ನಿಂತಿರುತ್ತದೆ, ಆದರೂ ನನ್ನ ಪ್ರೋಗ್ರಾಮಿಗೆ ಹೊಸ ಸಾಲುಗಳು ಸಿಗುತ್ತವೆ. ಇದೂ ಅರ್ಥವಾಗಲಿಲ್ಲ.

ಉತ್ತರ 2 ಬರೆದವರು

ಎಕ್ಸ್‌ಪ್ಲೋರರ್ ತೋರಿಸುವ ಅಳತೆ ಫೋಲ್ಡರಿನ ನಮೂದಿನಿಂದ ಬರುತ್ತದೆ. ಫೈಲ್ ತೆರೆದೇ ಇರುವಷ್ಟು ಹೊತ್ತು ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಆ ನಮೂದನ್ನು ಕೂಡಲೇ ತಿದ್ದುವುದಿಲ್ಲ. ನಿಜವಾದ ಅಳತೆ ಬೇಕೆಂದರೆ ಫೈಲನ್ನು ತೆರೆದು, ತೆರೆದ ಸ್ಟ್ರೀಮ್‌ನಿಂದಲೇ ಉದ್ದವನ್ನು ಕೇಳಬೇಕು. ವಾಚರ್‌ನ ಕಥೆಯೂ ಅದೇ: ಕ್ಯಾಶೆಯಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿಯಲ್ಲಿರುವ ಬರಹ ಡಿಸ್ಕಿಗೆ ಇಳಿದಾಗಲಷ್ಟೇ ಅಳತೆಯ ಬದಲಾವಣೆ ಅದರ ಗಮನಕ್ಕೆ ಬರುತ್ತದೆ. ದಿನವಿಡೀ ತೆರೆದಿರುವ ಫೈಲಿಗೆ ವಾಚರ್ ನಂಬಿಕೊಳ್ಳುವುದಕ್ಕಿಂತ ಸೆಕೆಂಡಿಗೊಮ್ಮೆ ನೀವೇ ಹೋಗಿ ನೋಡುವುದು ಮೇಲು. ಓದಿದ ಗುರುತಿನಿಂದ ಮುಂದೆ ಮಾತ್ರ ಓದುವುದರಿಂದ ಕಂಪ್ಯೂಟರಿಗೆ ಅದೇನೂ ಹೊರೆಯಲ್ಲ.

ಆದರೆ ಗುಂಪಾಗಿ ಬರುವ ತಡವನ್ನು ನಿಮ್ಮ ಕಡೆಯಿಂದ ಹೋಗಲಾಡಿಸಲು ಸಾಧ್ಯವಿಲ್ಲ. ಬರಹವು ತೂಕದ ತಂತ್ರಾಂಶದ ಸ್ವಂತ ಬಫರ್‌ನಲ್ಲಿರುವವರೆಗೆ ಅದು ಫೈಲಿನಲ್ಲಿ ಇಲ್ಲವೇ ಇಲ್ಲ; ಯಾವ ರೀತಿಯಲ್ಲಿ ತೆರೆದರೂ, ಡಿಸ್ಕಿನ ಆ ಕ್ಷಣದ ಪ್ರತಿಯಾದ ಶ್ಯಾಡೋ ಕಾಪಿ ತೆಗೆದರೂ ಸಿಗುವುದಿಲ್ಲ. ಕಾಟಾ ಅಳವಡಿಸಿದ ಸಂಸ್ಥೆಗೆ ಪತ್ರ ಬರೆದು, ಪ್ರತಿ ಸಾಲು ಬರೆದ ಕೂಡಲೇ ಬಫರ್ ಅನ್ನು ಫ್ಲಶ್ ಮಾಡುವಂತೆ, ಅಂದರೆ ಅದರಲ್ಲಿರುವುದನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವಂತೆ ಕೇಳಿ. ಡಾಟ್‌ನೆಟ್‌ನಲ್ಲಿ ಬರೆದ ತಂತ್ರಾಂಶವಾಗಿದ್ದರೆ ಸ್ಟ್ರೀಮ್‌ರೈಟರ್‌ನ ಆಟೋಫ್ಲಶ್ ಗುಣವನ್ನು ಚಾಲೂ ಮಾಡುವ ಒಂದು ಸಾಲಿನ ಬದಲಾವಣೆ ಅದು. ಪ್ರತಿ ಸಾಲೂ ಡಿಸ್ಕಿನವರೆಗೆ ಇಳಿಯಬೇಕೆಂದು ನಿಮ್ಮ ಕಾರಣಕ್ಕಾಗಿ ಒತ್ತಾಯಿಸಬೇಕಾಗಿಲ್ಲ. ಬರಹ ಆಪರೇಟಿಂಗ್ ಸಿಸ್ಟಮ್‌ನ ಕೈಸೇರಿದರೆ ಸಾಕು, ಅದೇ ಕಂಪ್ಯೂಟರಿನ ಉಳಿದ ಪ್ರೋಗ್ರಾಮುಗಳಿಗೆಲ್ಲ ಅದು ಆ ಕ್ಷಣವೇ ಕಾಣುತ್ತದೆ. ಡಿಸ್ಕಿನವರೆಗೆ ಇಳಿಸುವುದು ವಿದ್ಯುತ್ ಕಡಿತದಿಂದ ರಕ್ಷಣೆಗೆ. ಆದರೆ ಈಗಿನ ಸ್ಥಿತಿಯಲ್ಲಿ ಕರೆಂಟ್ ಹೋದರೆ ಬಫರ್‌ನಲ್ಲಿರುವ ಮೂವತ್ತು ಗಾಡಿಗಳ ಸಾಲುಗಳು ಈ ಫೈಲಿನ ಮಟ್ಟಿಗೆ ಉಳಿಯುವುದಿಲ್ಲ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಪರದೆಯ ತಡಕ್ಕಿಂತ ಈ ಮಾತಿಗೆ ಅವರು ಬೇಗ ಕಿವಿಗೊಡುತ್ತಾರೆ.

ಅಲ್ಲಿಯವರೆಗೆ ಪರದೆಯ ಮೇಲ್ಭಾಗದಲ್ಲಿ, ಈವರೆಗೆ ಬಂದಿರುವ ಕೊನೆಯ ಟೋಕನ್ ಸಂಖ್ಯೆಯನ್ನೂ ಅದರ ಸಮಯವನ್ನೂ ದೊಡ್ಡ ಅಕ್ಷರಗಳಲ್ಲಿ ತೋರಿಸಿ. ತಮ್ಮ ತೂಕ ಇನ್ನೂ ಬಂದಿಲ್ಲವೋ, ಬಂದು ದಾಟಿ ಹೋಯಿತೋ ಎಂಬುದು ಕಾಯುತ್ತಿರುವ ರೈತರಿಗೆ ಅದರಿಂದ ತಿಳಿಯುತ್ತದೆ.